ಮಗ್ಗುಲಿನ ಪುಸ್ತಕ

ಬಿಳಿ ಬಯಲು ಮುಗಿಯುವಲ್ಲಿ ಒಂದು ಊರಿತ್ತು. ಆ ಊರಿನಲ್ಲಿ ಹುಟ್ಟಿದವರೆಲ್ಲ ಬದುಕಿನಲ್ಲಿ ಒಂದು ಸಲ, ಒಂದೇ ಒಂದು ಸಲ, ಒಂದು ಪುಸ್ತಕ ತಂದುಕೊಡುತ್ತಿದ್ದರು. ತಮಗೆ ಏನಾಯಿತೋ ಅದನ್ನು ಬರೆದ ಪುಸ್ತಕ. ಬರೆಯಲು ಬಾರದವರು ಹೇಳಿ ಬರೆಸುತ್ತಿದ್ದರು. ಕೆಲವರದು ನಾಲ್ಕು ಹಾಳೆ, ಕೆಲವರದು ನಾನೂರು. ಅದನ್ನು ಎದೆಗವಚಿಕೊಂಡು ಬರಿಗಾಲಲ್ಲಿ ಊರ ನಡುವಿನ ಪುಸ್ತಕದ ಮನೆಗೆ ಬರುತ್ತಿದ್ದರು. ಏಳು ಮೆಟ್ಟಿಲು ಹತ್ತಿ, ಕಲ್ಲಿನ ಮೇಜಿನ ಮೇಲೆ ಪುಸ್ತಕ ಇಟ್ಟು, "ಇದು ನನ್ನದು" ಅನ್ನುತ್ತಿದ್ದರು. ಮೇಜಿನ ಆಚೆ ಕೂತವಳು ಎರಡೂ ಕೈಯಲ್ಲಿ ಅದನ್ನು ಎತ್ತಿಕೊಂಡು, "ಇನ್ನು ಇದು ಎಲ್ಲರದು" ಅನ್ನುತ್ತಿದ್ದಳು.

ಹಾಗೆ ಅನ್ನುತ್ತಿದ್ದವಳು ಚೀಟಿಯಮ್ಮ. ಅವಳಿಗೆ ಬೇರೆ ಹೆಸರಿತ್ತು, ಊರಿಗೆ ಅದು ಮರೆತುಹೋಗಿತ್ತು.

ಬಂದ ಪುಸ್ತಕವನ್ನು ಅವಳು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುತ್ತಿದ್ದಳು. ಓದಿ ಮುಗಿಸಿ ಕಣ್ಣು ಮುಚ್ಚಿ, "ಇದು ಯಾತರದು?" ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಉತ್ತರ ಹೊಳೆದಾಗ ಒಂದು ದಪ್ಪ ಚೀಟಿಯ ಮೇಲೆ ಅದನ್ನು ಬರೆಯುತ್ತಿದ್ದಳು. ಅದು ಪುಸ್ತಕದ ತಲೆಬರಹ. ಬೇರೆ ಊರಿನಲ್ಲಾಗಿದ್ದರೆ ಆ ಪದಕ್ಕೆ ಎರಡು ಅರ್ಥ ಬರುತ್ತಿತ್ತೇನೋ, ಆ ಊರಿನಲ್ಲಿ ಎರಡೂ ಒಂದೇ. ತಲೆಬರಹದ ಕೆಳಗೆ ಅಂಕಿ. ಜನ ಅದನ್ನು ಕರೆಯಂಕಿ ಎಂದು ಕರೆಯುತ್ತಿದ್ದರು. ಆ ಅಂಕಿ ಹಿಡಿದು ಕರೆದರೆ ಸಾವಿರಾರು ಪುಸ್ತಕಗಳ ನಡುವಿನಿಂದ ಅದೊಂದೇ ಪುಸ್ತಕ ಕೈಗೆ ಸಿಗುತ್ತಿತ್ತು. ಅಂಕಿಯನ್ನು ಗಂಜಿಯ ಅಂಟಿನಿಂದ ಬೆನ್ನಿಗೆ ಅಂಟಿಸಿ, ಪುಸ್ತಕವನ್ನು ಅದರ ಹಲಗೆಗೆ ಒಯ್ದು ನಿಲ್ಲಿಸುತ್ತಿದ್ದಳು. ಅಂಕಿ ತಪ್ಪಿದರೆ ಪುಸ್ತಕ ಇದ್ದೂ ಇಲ್ಲ.

ಊರಿನ ಕಟ್ಟಳೆ ಒಂದೇ. ಹಲಗೆಯ ಮೇಲೆ ಯಾರ ಪುಸ್ತಕದ ಮಗ್ಗುಲಿಗೆ ಯಾರ ಪುಸ್ತಕ ನಿಂತಿತೋ ಅವರಿಬ್ಬರೂ ನೆಂಟರು. ಒಡಹುಟ್ಟಿದವರಿಗಿಂತ ಹೆಚ್ಚು. ಅವರನ್ನು ಮಗ್ಗುಲಿನವರು ಅನ್ನುತ್ತಿದ್ದರು. ವರ್ಷಕ್ಕೊಂದು ದಿನ, ಪುಸ್ತಕ ತಂದ ದಿನ, ಮಗ್ಗುಲಿನವರು ಮನೆಗೆ ಬಂದು ಜೊತೆಗೆ ಕೂರಬೇಕು. ಯಾರಾದರೂ ಹಾಸಿಗೆ ಹಿಡಿದರೆ, ಮನೆಮಂದಿಯನ್ನು ಬಿಟ್ಟರೆ, ಆ ಹೊಸ್ತಿಲು ದಾಟುವ ಹಕ್ಕು ಮಗ್ಗುಲಿನವರಿಗೆ ಮಾತ್ರ. ಉಳಿದವರೆಲ್ಲ ಜಗುಲಿಯವರೆಗೆ.

ಯಾರ ಮಗ್ಗುಲಿಗೆ ಯಾರು ಎಂಬುದನ್ನು ಚೀಟಿಯಮ್ಮ ಎಂದೂ ತನ್ನ ಇಷ್ಟಕ್ಕೆ ಮಾಡುತ್ತಿರಲಿಲ್ಲ. ಪುಸ್ತಕ ಯಾತರದೋ ಅದೇ ಅದರ ನೆಂಟರನ್ನು ಹುಡುಕಿಕೊಳ್ಳುತ್ತಿತ್ತು. ಒಮ್ಮೆ ಹಾಡುವವಳೊಬ್ಬಳು ತನ್ನ ಕಂಠ ಹೋದ ಕತೆ ತಂದಳು. ಅದೇ ತಿಂಗಳು ಡಂಗುರದವನು ಕೂಗಿ ಕೂಗಿ ತನ್ನ ಗಂಟಲು ಕಟ್ಟಿಹೋದ ಕತೆ ತಂದ. ಇಬ್ಬರಿಗೂ "ದನಿ: ಕಳೆದುಹೋದದ್ದು" ಎಂದೇ ತಲೆಬರಹ ಆಯಿತು. ಅಲ್ಲಿಯವರೆಗೆ ಒಬ್ಬರ ಮುಖ ಒಬ್ಬರು ನೋಡದವರು. ಆಮೇಲೆ ವರ್ಷಕ್ಕೊಮ್ಮೆ ಹಾಡುವವಳ ಅಂಗಳದಲ್ಲಿ ಎದುರುಬದುರು ಕೂತು, ಮಾತಿಲ್ಲದೆ, ಇಡೀ ಮಧ್ಯಾಹ್ನ ತಾಳ ಹಾಕುತ್ತಿದ್ದರು. ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು.

ಇಂಥದ್ದನ್ನೆಲ್ಲ ನೋಡಿದಾಗ ಚೀಟಿಯಮ್ಮನಿಗೆ ತನ್ನ ಕೆಲಸದ ಮೇಲೆ ತುಂಬ ಪ್ರೀತಿ ಬರುತ್ತಿತ್ತು.

ಬೇಸಗೆಯಲ್ಲಿ ಆ ಬಯಲಿನ ಮೇಲೆ ದೂಳೇಳುತ್ತಿತ್ತು. ಹಿಟ್ಟಿನಂಥ ಬಿಳಿ ದೂಳು. ಎದ್ದಿತೆಂದರೆ ಚಾಚಿದ ಕೈ ಕಾಣದು. ಊರಿನವರು ಬಾಗಿಲು ಹಾಕಿ, ಸಂದಿಗೆಲ್ಲ ಬಟ್ಟೆ ತುರುಕಿ ಒಳಗೆ ಕೂರುತ್ತಿದ್ದರು. ಬಯಲಿನಲ್ಲಿ ಸಿಕ್ಕಿಬಿದ್ದವರಿಗೆ ಒಂದೇ ಆಸರೆ, ಊರಬಾಗಿಲಿನ ಕೊತ್ತಳದ ಮೇಲಿನ ಗಂಟೆ. ಗಂಟೆಯವನು ಹಗ್ಗ ಹಿಡಿದು ಬಡಿಯುತ್ತಲೇ ಇರುತ್ತಿದ್ದ. ಸದ್ದು ಬಂದ ಕಡೆಗೆ ಮುಖ ಮಾಡಿ ಹೆಜ್ಜೆ ಹಾಕಿದರೆ ಊರು ಸಿಗುತ್ತಿತ್ತು.

ಅಂಥದ್ದೊಂದು ದೂಳಿನಲ್ಲಿ ಕಂಬಳಿ ನೇಯುವವಳ ತಂಗಿ ತಪ್ಪಿಹೋದಳು.

ಕಂಬಳಿಯವಳಿಗೆ ಅಪ್ಪ ಅಮ್ಮ ಇರಲಿಲ್ಲ. ತಂಗಿಯನ್ನು ಅವಳೇ ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದ್ದಳು. ಒಂದು ವರ್ಷ ಕಾದು, ಕೊನೆಗೆ ಅವಳು ಪುಸ್ತಕದ ಮನೆಗೆ ಬಂದಳು. ಅಕ್ಷರ ಬಾರದವಳು. ಅವಳು ಹೇಳಿದಳು, ಚೀಟಿಯಮ್ಮ ಬರೆದಳು. ಒಂಬತ್ತು ಹಾಳೆ ಆಯಿತು. ಮದುವೆಯ ಕಂಬಳಿಯೊಂದಕ್ಕೆ ಅಂಚು ಕಟ್ಟುವಾಗ ಕರಿ ಉಣ್ಣೆ ಮುಗಿದಿತ್ತು. ಬಯಲಿನಾಚೆ ಕುರಿಯವರ ಹಟ್ಟಿಗೆ ಹೋಗಿ ತಾ ಅಂದಳು. ತಂಗಿ "ನಾಳೆ ಹೋಗ್ತೀನಿ" ಅಂದಳು. ಇವಳಿಗೆ ಸಿಟ್ಟು ಬಂತು. "ಕರಿ ಉಣ್ಣೆ ಇಲ್ಲದೆ ಮನೆಗೆ ಕಾಲಿಡಬೇಡ" ಅಂದಳು. ತಂಗಿ ಹೋದಳು. ದೂಳೆದ್ದಿತು. ಮೂರನೆಯ ದಿನ ಇಳಿಯಿತು. ಊರೆಲ್ಲ ಹುಡುಕಿತು. ಒಂದು ಚೂರು ಬಟ್ಟೆಯೂ ಸಿಗಲಿಲ್ಲ. ಅಷ್ಟರಲ್ಲಿ ಹಟ್ಟಿಯವರು ಕುರಿ ಹೊಡೆದುಕೊಂಡು ಬೇರೆ ದಿಕ್ಕಿಗೆ ಹೋಗಿಯಾಗಿತ್ತು.

ಕೊನೆಯ ಹಾಳೆಯಲ್ಲಿ ಅವಳು ಹೇಳಿ ಬರೆಸಿದ್ದು ಇಷ್ಟು: "ಅವಳು ಸತ್ತಳೋ, ನನ್ನ ಮೇಲಿನ ಸಿಟ್ಟಿಗೆ ಹಟ್ಟಿಯವರ ಜೊತೆ ಹೊರಟುಹೋದಳೋ ನನಗೆ ಗೊತ್ತಿಲ್ಲ. ಗಂಟೆ ಬಡೀತಾನೇ ಇತ್ತು. ಬರಬೇಕು ಅಂತಿದ್ದರೆ ಬರ್ತಿದ್ದಳು."

ಚೀಟಿಯಮ್ಮ ತಲೆಬರಹ ಬರೆದಳು: "ದೂಳು: ತಪ್ಪಿಹೋದವರು." ಆ ಹಲಗೆಯಲ್ಲಿ ಎಡಕ್ಕೆ ಬಹಳ ಹಿಂದಿನವರೊಬ್ಬರ ಪುಸ್ತಕವಿತ್ತು, ಅವರ ಮನೆತನದಲ್ಲಿ ಯಾರೂ ಉಳಿದಿರಲಿಲ್ಲ. ಬಲಕ್ಕೆ ಖಾಲಿ.

"ಬಲಕ್ಕೆ ಯಾರಾದರೂ ಬರ್ತಾರಾ?" ಕಂಬಳಿಯವಳು ಕೇಳಿದಳು.

"ಬಂದರೆ ಹೇಳ್ತೀನಿ," ಅಂದಳು ಚೀಟಿಯಮ್ಮ.

ನಾಲ್ಕು ತಿಂಗಳಿಗೆ ಗಂಟೆಯವನು ಬಂದ. ನಾಲ್ಕು ಹಾಳೆಯ ಪುಸ್ತಕ, ಅವನದೇ ಕೈಬರಹ, ಒತ್ತಿ ಒತ್ತಿ ಬರೆದು ಹಾಳೆಯ ಹಿಂಬದಿಯಲ್ಲೂ ಅಕ್ಷರ ಮೂಡಿತ್ತು. "ಇದು ನನ್ನದು," ಅಂದ. ಮೆಟ್ಟಿಲು ಇಳಿದುಹೋಗುವಾಗ ಹಿಂದಕ್ಕೆ ತಿರುಗಿ ನೋಡಲಿಲ್ಲ.

ಚೀಟಿಯಮ್ಮ ಓದಿದಳು. ಆ ದಿನ ಮಧ್ಯಾಹ್ನದಿಂದ ಬಡಿದು ಬಡಿದು ಅವನ ಅಂಗೈ ಸುಲಿದಿತ್ತು. ಬಯಲಿಗೆ ಹೋದವರೆಲ್ಲ ಒಬ್ಬೊಬ್ಬರೇ ಬಂದರು. ಕಡೆಗೆ ಕಂಬಳಿಯವಳ ತಂಗಿ ಬಂದಳು. ಅಡಿಯಿಂದ ಮುಡಿಯವರೆಗೆ ಬೆಳ್ಳಗೆ, ಏದುಸಿರು ಬಿಡುತ್ತಾ, ನಗುತ್ತಾ ಕೊತ್ತಳದ ಕೆಳಗೆ ನಿಂತು ಕೂಗಿದಳು: "ಮಾವಾ, ಉಣ್ಣೆ ಗಂಟು ಇಲ್ಲೇ ಎಲ್ಲೋ ಜಾರಿ ಬಿತ್ತು. ಹತ್ತು ಹೆಜ್ಜೆ. ಎತ್ಕೊಂಡು ಬರ್ತೀನಿ, ನೀನು ಬಡೀತಾ ಇರು!" ಅವನು ಬಡಿಯುತ್ತಾ ಇದ್ದ. ಸ್ವಲ್ಪ ಹೊತ್ತಿಗೆ ದೂಳಿನೊಳಗಿಂದ ಅವಳ ಕೂಗು ಕೇಳಿತು: "ಬಂದೇ!"

ಕೊನೆಯ ಹಾಳೆಯಲ್ಲಿ ಹೀಗಿತ್ತು: "ಬಂದೆ ಅಂದಳು. ನಾನು ಬಂದಳು ಅಂದುಕೊಂಡೆ. ಬಾಗಿಲು ದಾಟಿದಳು ಅಂತ ಹಗ್ಗ ಬಿಟ್ಟೆ. ಅಂಗೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಒಂದು ಎಲೆಯಡಿಕೆ ಮುಗಿಯುವಷ್ಟು ಹೊತ್ತು ಕೂತೆ. ಅವಳು ಅಂದದ್ದು ಬರ್ತಾ ಇದೀನಿ ಅಂತ. ಆಮೇಲೆ ಎಷ್ಟು ಬಡಿದರೂ ಅವಳು ಬರಲಿಲ್ಲ."

ಚೀಟಿಯಮ್ಮ ಕಣ್ಣು ಮುಚ್ಚಿದಳು. ಇದು ಯಾತರದು ಎಂದು ಕೇಳಿಕೊಳ್ಳುವ ಅಗತ್ಯವೇ ಇರಲಿಲ್ಲ. ಅದರ ಜಾಗ ಖಾಲಿ ಕಾಯುತ್ತಿತ್ತು. ಲೇಖನಿಯನ್ನು ಮಸಿಯಲ್ಲಿ ಅದ್ದಿದಳು. ಆಗ ಅವಳಿಗೆ ಎರಡೂ ಪುಸ್ತಕಗಳು ಒಟ್ಟಿಗೆ ಕಂಡವು. ಊರಿನಲ್ಲಿ ಎರಡನ್ನೂ ಓದಿದವಳು ಅವಳೊಬ್ಬಳೇ. ಕರಿ ಉಣ್ಣೆ ಇಲ್ಲದೆ ಮನೆಗೆ ಕಾಲಿಡಬೇಡ ಅಂತ ಅಕ್ಕ ಅಂದಿದ್ದಳು. ಊರು ಮುಟ್ಟಿದ ತಂಗಿ ಕರಿ ಉಣ್ಣೆಗಾಗಿಯೇ ತಿರುಗಿ ಹೋಗಿದ್ದಳು. ಬೇರೆಬೇರೆ ಇದ್ದರೆ ಅವು ಎರಡು ದುಃಖ. ಮಗ್ಗುಲಿಗೆ ಮಗ್ಗುಲು ಇಟ್ಟರೆ ಆ ಹೆಂಗಸು ಬದುಕುತ್ತಾಳೆಯೇ?

ಮಸಿ ಒಣಗಿತು. ಮತ್ತೆ ಅದ್ದಿದಳು. ಚೀಟಿಯ ಮೇಲೆ ಬರೆದಳು: "ಕಂಚು: ಗಂಟೆ, ದುರಸ್ತಿ."

ಪುಸ್ತಕವನ್ನು ಪುಸ್ತಕದ ಮನೆಯ ಇನ್ನೊಂದು ಕೊನೆಗೆ ಒಯ್ದು ನಿಲ್ಲಿಸಿದಳು. ಅದರ ಎಡಕ್ಕೆ ಎಂದೋ ತೀರಿಕೊಂಡ ಕಂಚುಗಾರನ ಪುಸ್ತಕ. ಬಲಕ್ಕೆ ಪಾತ್ರೆಗೆ ಕಲಾಯಿ ಹಾಕುವವನದು. ಅವಳ ಬದುಕಿನಲ್ಲಿ ಅವಳು ಬರೆದ ಒಂದೇ ಸುಳ್ಳು ಅದು. ಬರೆದಾಗ ಅದು ಸುಳ್ಳಿನ ಹಾಗೆ ಕಾಣಿಸಲಿಲ್ಲ.

ಪ್ರತಿ ವರ್ಷ ಆ ದಿನ ಬಂದಾಗ ಕಂಬಳಿಯವಳು ಏಳು ಮೆಟ್ಟಿಲು ಹತ್ತಿ ಬರುತ್ತಿದ್ದಳು. "ಬಲಕ್ಕೆ ಯಾರಾದರೂ ಬಂದ್ರಾ?" ಎಂದು ಕೇಳುತ್ತಿದ್ದಳು. ಚೀಟಿಯಮ್ಮ "ಇಲ್ಲ" ಅನ್ನುತ್ತಿದ್ದಳು. ಕಂಬಳಿಯವಳು ಹಲಗೆಯ ಹತ್ತಿರ ಹೋಗಿ, ತನ್ನ ಪುಸ್ತಕದ ಪಕ್ಕದ ಖಾಲಿ ಜಾಗವನ್ನು ಸೆರಗಿನಿಂದ ಒರೆಸಿ, ಮನೆಗೆ ಹೋಗಿ ಒಬ್ಬಳೇ ಕೂರುತ್ತಿದ್ದಳು.

ಹನ್ನೊಂದು ಸಲ ಕೇಳಿದಳು. ಹನ್ನೊಂದು ಸಲ ಇಲ್ಲ ಅಂದಳು.

ತಪ್ಪು ಅಂಕಿಯನ್ನು ತಿದ್ದಲು ಬರುತ್ತಿರಲಿಲ್ಲವೆಂದಲ್ಲ. ತಿದ್ದುವವಳು ನಡುಮಧ್ಯಾಹ್ನ ಏಳನೆಯ ಮೆಟ್ಟಿಲ ಮೇಲೆ ನಿಂತು, ತಪ್ಪು ಅಂಕಿಯನ್ನೂ ಸರಿ ಅಂಕಿಯನ್ನೂ ಊರಿಗೆ ಕೇಳುವಂತೆ ಮೂರು ಸಲ ಹೇಳಿ, ಲೇಖನಿಯನ್ನು ಕಲ್ಲಿನ ಮೇಜಿನ ಮೇಲಿಟ್ಟು ಇಳಿದುಹೋಗಬೇಕು. ಮತ್ತೆ ಅದನ್ನು ಮುಟ್ಟುವಂತಿಲ್ಲ. ಚೀಟಿಯಮ್ಮನಿಗೆ ಲೇಖನಿ ಬಿಟ್ಟರೆ ಬೇರೇನೂ ಇರಲಿಲ್ಲ. ಮೊದಲ ವರ್ಷ ಅವಳು ಇಲ್ಲ ಅಂದದ್ದು ಕರುಣೆಯಿಂದ. ಕೊನೆಯ ವರ್ಷ ಅಂದದ್ದು ಭಯದಿಂದ. ಕರುಣೆ ಯಾವ ವರ್ಷ ಭಯವಾಯಿತು ಎಂದು ಕೇಳಿದರೆ ಅವಳಿಗೂ ಹೇಳಲಾಗುತ್ತಿರಲಿಲ್ಲ.

ಹನ್ನೆರಡನೆಯ ಬೇಸಗೆಯ ಮೊದಲಲ್ಲಿ, ಒಂದು ಬೆಳಿಗ್ಗೆ, ಕಲಾಯಿಯವನು ಬಂದ. ಮೈಗೆಲ್ಲ ಮಸಿ, ಹೆಗಲಿಗೆ ಬೆಂಕಿ ಊದುವ ತಿದಿ. ಅವನು ಒಳ್ಳೆಯವನು, ಮಾತು ಹೆಚ್ಚು.

"ತಾಯಿ, ನನ್ನ ಮಗ್ಗುಲಿನವನು ಹಾಸಿಗೆ ಹಿಡಿದಿದಾನೆ. ಗಂಟೆಯವನು. ತೋಳು ಎತ್ತೋಕಾಗಲ್ಲ. ಗಂಟೆಗೆ ಬೇರೆಯವರನ್ನ ಹಾಕಿದಾರೆ. ಮೂರು ದಿನದಿಂದ ಏನೂ ತಿಂದಿಲ್ಲ."

"ನೀನು ಹೋಗ್ತಿದೀಯಲ್ಲ?"

"ಹೋಗದೆ ಇರ್ತೀನಾ? ವರ್ಷಾವರ್ಷ ಅವನ ದಿನಕ್ಕೂ ಹೋಗ್ತೀನಿ. ಪಕ್ಕದಲ್ಲಿ ಕೂತು ತವರದ ವಿಷಯ ಹೇಳ್ತೀನಿ, ನವಸಾಗರದ ವಿಷಯ ಹೇಳ್ತೀನಿ. ಪಾಪ, ಎಲ್ಲ ಕೇಳ್ತಾನೆ. ಆದರೆ ಪ್ರತಿ ಸಲ ಹೊರಡುವಾಗ ಒಂದೇ ಮಾತು. 'ಅಣ್ಣಾ, ದೂಳಲ್ಲಿ ನಿನ್ನ ಕಡೆಯವರು ಯಾರಾದರೂ ಹೋಗಿದಾರಾ?' ಅಂತಾನೆ. ಇಲ್ಲಪ್ಪ ಅಂತೀನಿ. ಗೋಡೆ ಕಡೆ ಮುಖ ತಿರುಗಿಸ್ತಾನೆ." ಕಲಾಯಿಯವನು ತಿದಿಯನ್ನು ಕೆಳಗಿಟ್ಟ. "ನಾನು ಓದಿದವನಲ್ಲ. ಆದರೂ ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಅವನ ಪಕ್ಕದಲ್ಲಿ ನಾನು ಇರಬೇಕಾಗಿತ್ತಾ?"

ಚೀಟಿಯಮ್ಮ ಅವನ ಮುಖ ನೋಡಲಾಗದೆ ಚೀಟಿಗಳ ಕಡೆ ನೋಡಿದಳು.

ಮಧ್ಯಾಹ್ನ ಅವಳು ಕೊತ್ತಳದ ಕೆಳಗೆ ಗಂಟೆಯವನಿದ್ದ ಒಂದು ಕೋಣೆಯ ಮನೆಗೆ ಹೋದಳು. ಅವನಿಗೆ ಹೆಂಡತಿ ಮಕ್ಕಳು ಇರಲಿಲ್ಲ. ಹೊಸ್ತಿಲು ದಾಟುವ ಹಕ್ಕು ಅವಳಿಗಿಲ್ಲ. ಜಗುಲಿಯ ಮೇಲೆ ನಿಂತು ಕಿಟಕಿಯ ಸರಳು ಹಿಡಿದುಕೊಂಡಳು. ಒಳಗೆ ಚಾಪೆಯ ಮೇಲೆ ಅವನು ಒಣಗಿದ ಬೇರಿನ ಹಾಗೆ ಮಲಗಿದ್ದ.

"ನಾನು, ಚೀಟಿಯಮ್ಮ."

"ಗೊತ್ತಾಯ್ತು," ಅಂದ. ಕಿಟಕಿಯ ಕಡೆ ಮುಖ ಹೊರಳಿಸಿ ಕೇಳಿದ: "ಅವಳು ಇನ್ನೂ ಪುಸ್ತಕ ತಂದಿಲ್ಲವಾ? ಕಂಬಳಿಯವಳು?"

ಚೀಟಿಯಮ್ಮ ಸರಳಿಗೆ ಹಣೆ ಹಚ್ಚಿದಳು.

"ಬಾಯಲ್ಲಿ ಹೇಳೋ ಧೈರ್ಯ ನನಗಿರಲಿಲ್ಲ ತಾಯಿ. ಅದಕ್ಕೇ ಬರೆದೆ. ಅವಳ ಬೀದಿ ಕಡೆಗೂ ಹೋಗಲಿಲ್ಲ, ಅವಳ ಸುದ್ದಿ ಯಾರನ್ನೂ ಕೇಳಲಿಲ್ಲ. ಅವಳು ತನ್ನದನ್ನ ತಂದ ದಿನ ನನ್ನದು ಅವಳ ಪಕ್ಕಕ್ಕೆ ಹೋಗುತ್ತೆ, ಆವತ್ತು ಅವಳೇ ಬರ್ತಾಳೆ, ಬಂದು ಏನು ಬೇಕಾದರೂ ಮಾಡಲಿ ಅಂದುಕೊಂಡೆ. ಹೊರಗೆ ಹೆಜ್ಜೆ ಸದ್ದಾದರೆ ಅವಳೇ ಅಂದುಕೊಳ್ತೀನಿ. ಕಲಾಯಿ ಅಣ್ಣ ಬರ್ತಾನೆ." ಅವನು ನಗಲು ನೋಡಿದ. "ಅದಿರಲಿ, ನನ್ನದನ್ನ ಯಾತರದು ಅಂತ ಬರೆದಿದೀಯ? ಒಂದು ದಿನಾನೂ ಕೇಳಲಿಲ್ಲ ನಾನು."

"ಗಂಟೆ, ದುರಸ್ತಿ," ಅಂದಳು ಚೀಟಿಯಮ್ಮ.

ಅವನು ಸೂರಿನ ಕಡೆ ನೋಡಿದ.

"ಗಂಟೆ ಕೆಟ್ಟಿರಲಿಲ್ಲವಲ್ಲ ತಾಯಿ," ಅಂದ.

ಅಲ್ಲಿಂದ ಅವಳು ತನ್ನ ಮನೆಗೂ ಹೋಗಲಿಲ್ಲ, ಪುಸ್ತಕದ ಮನೆಗೂ ಹೋಗಲಿಲ್ಲ. ಸೀದಾ ಕಂಬಳಿಯವಳ ಮನೆಗೆ ನಡೆದಳು. ಕಂಬಳಿಯವಳು ಮಗ್ಗದ ಮುಂದೆ ಕೂತಿದ್ದಳು.

"ನನ್ನ ದಿನ ಇನ್ನೂ ಬಂದಿಲ್ಲವಲ್ಲ," ಅಂದಳು ನಕ್ಕು. "ಈ ಸಲ ನೀನೇ ಬಂದುಬಿಟ್ಟೆಯಾ?"

"ನಿನ್ನ ಬಲಕ್ಕೆ ಒಂದು ಪುಸ್ತಕ ಇದೆ."

"ಅಯ್ಯೋ, ಯಾವಾಗ ಬಂತು?"

"ನಿನ್ನದು ಬಂದು ನಾಲ್ಕು ತಿಂಗಳಿಗೆ."

ಲಾಳಿ ಕೈಯಲ್ಲೇ ನಿಂತಿತು. "ಪ್ರತಿ ವರ್ಷ ಬಂದು ಕೇಳಿದೆನಲ್ಲ ನಾನು."

"ಹೂಂ."

"ಪ್ರತಿ ವರ್ಷ ಇಲ್ಲ ಅಂದೆಯಲ್ಲ."

"ಹೂಂ."

"ಯಾಕೆ?"

"ಅದರಲ್ಲಿ ಇರೋದನ್ನ ನೀನು ತಡೆದುಕೊಳ್ಳಲ್ಲ ಅಂದುಕೊಂಡೆ. ಅದಕ್ಕೆ ಬೇರೆ ಅಂಕಿ ಹಾಕಿ ಬೇರೆ ಕಡೆ ಇಟ್ಟೆ. ಆಮೇಲೆ... ಆಮೇಲೆ ಹೇಳೋಕೆ ಹೆದರಿಕೆ ಆಯ್ತು."

ಕಂಬಳಿಯವಳು ಎದ್ದು ನಿಂತಳು. ಚೀಟಿಯಮ್ಮ ಹೊಡೆತಕ್ಕೆ ಕಾಯುವವಳ ಹಾಗೆ ತಲೆ ತಗ್ಗಿಸಿದಳು. ಹೊಡೆತ ಬೀಳಲಿಲ್ಲ.

"ನನ್ನ ಎದೆ ಎಷ್ಟು ತಡೆಯುತ್ತೆ ಅಂತ ನಿನ್ನ ಯಾವ ಚೀಟಿಯಲ್ಲಿ ಬರೆದಿತ್ತೇ?" ಕೇಳಿದಳು ಕಂಬಳಿಯವಳು. "ಹಟ್ಟಿಯವರು ಈ ಕಡೆ ಬಂದಾಗಲೆಲ್ಲ ನಾನು ಓಡಿಹೋಗಿ ಒಂದೊಂದು ಹೆಂಗಸಿನ ಮುಖಾನೂ ನೋಡ್ತೀನಿ. ಮುದುಕಿಯರದ್ದೂ ನೋಡ್ತೀನಿ, ಬಿಸಿಲಿಗೆ ಬೇಗ ವಯಸ್ಸಾಗಿರಬಹುದು ಅಂತ. ನನ್ನ ಒಂದು ಮಾತಿಗೆ ಬಿಟ್ಟುಹೋದಳಲ್ಲ ಅಂತ ಅವಳ ಮೇಲೆ ಸಿಟ್ಟು ಮಾಡಿಕೊಂಡೇ ಬದುಕಿದೀನಿ. ಇಷ್ಟನ್ನ ತಡೆದವಳು ಇನ್ನೇನು ತಡೀತಿರಲಿಲ್ಲ?"

ಅವಳು ಲಾಳಿಯನ್ನು ಕೆಳಗೆ ಹಾಕಿದಳು.

"ಯಾರದು ಪುಸ್ತಕ?"

"ಗಂಟೆಯವನದು."

ಕಂಬಳಿಯವಳು ಮತ್ತೆ ಕೂತಳು. ಮಗ್ಗದ ನೂಲುಗಳ ಮೇಲೆ ಅಂಗೈ ಇಟ್ಟಳು.

"ಬದುಕಿದಾನಾ?"

"ಬದುಕಿದಾನೆ. ಹಾಸಿಗೆ ಹಿಡಿದಿದಾನೆ. ಓದಿ ಹೇಳಲಾ?"

"ಬೇಡ. ನಿನ್ನ ಬಾಯಲ್ಲಿ ಕೇಳಲ್ಲ. ಅವನ ಬಾಯಲ್ಲೇ ಕೇಳ್ತೀನಿ. ಮೊದಲು ಆ ಪುಸ್ತಕನ ಅದರ ಜಾಗಕ್ಕೆ ತಾ. ಜಗುಲಿ ಮೇಲೆ ನಿಂತು ಇಣುಕಿ ಕೇಳೋಳಲ್ಲ ನಾನು. ಹೊಸ್ತಿಲು ದಾಟಿ ಒಳಗೆ ಹೋಗ್ತೀನಿ."

ಮಾರನೆಯ ದಿನ ನಡುಮಧ್ಯಾಹ್ನ ಡಂಗುರ ಕೇಳಿತು. ದನಿಯಿಲ್ಲದ ಡಂಗುರದವನು ಬರೀ ತಮಟೆ ಬಡಿಯುತ್ತಾ ಬೀದಿ ಬೀದಿ ತಿರುಗಿದ. ಜನ ಪುಸ್ತಕದ ಮನೆಯ ಮುಂದೆ ಬಂದು ನಿಂತರು. ಚೀಟಿಯಮ್ಮ ಏಳನೆಯ ಮೆಟ್ಟಿಲ ಮೇಲೆ ನಿಂತಳು. ತಪ್ಪು ಅಂಕಿ ಹೇಳಿದಳು, ಸರಿ ಅಂಕಿ ಹೇಳಿದಳು. ಎರಡನೆಯ ಸಲ ಹೇಳುವಾಗ ದನಿ ಒಡೆಯಿತು. ಮೂರನೆಯ ಸಲ ನೆಟ್ಟಗೆ ಹೇಳಿದಳು. ಯಾಕೆ ತಪ್ಪಾಯಿತು ಎಂದು ಯಾರೂ ಕೇಳಲಿಲ್ಲ, ಕೇಳುವ ಪದ್ಧತಿ ಇರಲಿಲ್ಲ. ಅವಳು ಒಳಗೆ ಹೋಗಿ, ಪುಸ್ತಕದ ಬೆನ್ನಿನ ಹಳೆಯ ಅಂಕಿಯನ್ನು ಬಿಸಿನೀರಿನಲ್ಲಿ ನೆನೆಸಿ ಸುಲಿದು, ಹೊಸದನ್ನು ಅಂಟಿಸಿದಳು. ನಾಲ್ಕು ಹಾಳೆಯ ಆ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಪುಸ್ತಕದ ಮನೆಯ ಉದ್ದಕ್ಕೂ ನಡೆದುಬಂದು, ಕಂಬಳಿಯವಳ ಪುಸ್ತಕದ ಬಲಮಗ್ಗುಲಿಗೆ ನಿಲ್ಲಿಸಿದಳು. ಲೇಖನಿಯನ್ನು ಮೇಜಿನ ಮೇಲೆ ಇಟ್ಟಳು. ಅದನ್ನು ಇಡುವಾಗ ಕೈ ಬಿಡಿಸಿಕೊಳ್ಳಲು ಒಂದು ಗಳಿಗೆ ಬೇಕಾಯಿತು.

ಕೆಳಗೆ ಕಲಾಯಿಯವನು ನಿಂತಿದ್ದ. "ಹಾಗಾದರೆ ನಾನು ಇನ್ನು ಅವನ ದಿನಕ್ಕೆ ಹೋಗೋ ಹಾಗಿಲ್ಲವಾ?" ಎಂದು ಕೇಳಿದ. ಅವನ ಕಣ್ಣು ತುಂಬಿತ್ತು. ಚೀಟಿಯಮ್ಮ ತಲೆ ತಗ್ಗಿಸಿ ಏಳೂ ಮೆಟ್ಟಿಲು ಇಳಿದಳು.

ಕಂಬಳಿಯವಳು ಜನರ ನಡುವಿನಿಂದ ಹೊರಟು ಕೊತ್ತಳದ ಕಡೆ ನಡೆದಳು. ಚೀಟಿಯಮ್ಮ ದೂರದಿಂದ ಹಿಂಬಾಲಿಸಿದಳು. ಯಾಕೆ ಹೋಗುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ಹೋಗಲು ಬೇರೆ ಜಾಗವೂ ಇರಲಿಲ್ಲ. ಕಂಬಳಿಯವಳು ಹೊಸ್ತಿಲು ದಾಟಿದಳು. ಚೀಟಿಯಮ್ಮ ಜಗುಲಿಯ ಕಂಬಕ್ಕೆ ಒರಗಿ ಕೂತಳು. ಕಿಟಕಿ ತೆರೆದಿತ್ತು.

"ಯಾರು?" ಒಳಗಿನಿಂದ ಗಂಟೆಯವನ ದನಿ.

"ನಿನ್ನ ಎಡಮಗ್ಗುಲಿನವಳು."

ಒಳಗೆ ಚಾಪೆ ಸರಿದ ಸದ್ದಾಯಿತು. ಏಳಲು ನೋಡಿದನೇನೋ. "ಮಲಕ್ಕೋ," ಅಂದಳು ಕಂಬಳಿಯವಳು. "ಮಲಕ್ಕೊಂಡೇ ಹೇಳು. ಏನೂ ಬಿಡಬೇಡ."

ಅವನು ಹೇಳತೊಡಗಿದ. ಚೀಟಿಯಮ್ಮನಿಗೆ ಪ್ರತಿ ಮಾತೂ ಗೊತ್ತಿತ್ತು. ಅಂಗೈ ಸುಲಿದದ್ದು, ಒಬ್ಬೊಬ್ಬರೇ ಬಂದದ್ದು, ಹುಡುಗಿ ಕೊತ್ತಳದ ಕೆಳಗೆ ನಗುತ್ತಾ ನಿಂತದ್ದು. ಮುಂದಿನ ಮಾತು ಬರುವ ಮೊದಲು ಅವಳು ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಉಣ್ಣೆಗೆ ಅಂತ ವಾಪಸ್ ಹೋದಳಾ?" ಕಂಬಳಿಯವಳು ಕೇಳಿದಳು.

"ಹೂಂ."

"ಬಂದವಳು, ಉಣ್ಣೆಗೆ ಅಂತ ವಾಪಸ್ ಹೋದಳಾ?"

"ಹೌದು ತಾಯಿ."

"ಅದಿಲ್ಲದೆ ಮನೆಗೆ ಕಾಲಿಡಬೇಡ ಅಂದಿದ್ದೆ ನಾನು."

ಆಮೇಲೆ ಕೇಳಿದ್ದು ಅಳು. ಅಂಥ ಅಳುವನ್ನು ಚೀಟಿಯಮ್ಮ ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಇಷ್ಟು ವರ್ಷ ತಾನು ತಪ್ಪಿಸಿದೆ ಎಂದುಕೊಂಡಿದ್ದ ಅಳು ಅದು. ತಪ್ಪಿರಲಿಲ್ಲ, ಒಳಗೇ ಕಾದು ಕೂತಿತ್ತು. ಗಂಟೆಯವನು ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ಅವಳ ಜೊತೆ ಅವನೂ ಅತ್ತ. ಬಿಸಿಲು ಜಗುಲಿಯಿಂದ ಇಳಿದು ಅಂಗಳಕ್ಕೆ ಹೋಗುವವರೆಗೂ ಇಬ್ಬರೂ ಅತ್ತರು.

"ಆಮೇಲೆ?" ಅಂದಳು ಕಂಬಳಿಯವಳು, ಕಡೆಗೆ.

"ಆಮೇಲೆ ದೂಳೊಳಗಿಂದ ಕೂಗಿದಳು. ಬಂದೆ ಅಂತ. ಬಾಗಿಲಿಗೆ ಬಂದಳು ಅಂತ ನಾನು ಹಗ್ಗ ಬಿಟ್ಟೆ. ಅದೇ ನನ್ನ ತಪ್ಪು. ಅಷ್ಟೇ."

"ಹೇಗಂದಳು?"

"ಬಂದೆ ಅಂತ."

"ಹಾಗಲ್ಲ. ಅವಳು ಅಂದ ಹಾಗೇ ಅನ್ನು."

ಗಂಟೆಯವನು ಉಸಿರು ತೆಗೆದುಕೊಂಡ. "ಬಂದೇ..." ಅಂದ.

"ಕೊನೇಲಿ ಎಳೆದಳಾ? ಹೀಗೆ? ಬಂದೇ..."

"ಹೌದು. ಹಾಗೇ. ಅದೇ ತರ."

ಒಳಗೆ ಒಂದು ಸದ್ದಾಯಿತು. ಮತ್ತೆ ಅಳು ಎಂದುಕೊಂಡಳು ಚೀಟಿಯಮ್ಮ. ಅಳುವಿನ ನಡುವೆ ಕಂಬಳಿಯವಳು ನಗುತ್ತಿದ್ದಳು.

"ಅಯ್ಯೋ ಪುಣ್ಯಾತ್ಮ! ಅವಳು ಎಳೆದು ಬಂದೇ ಅಂದರೆ ಇನ್ನೂ ಎದ್ದೇ ಇಲ್ಲ ಅಂತ. ಊಟಕ್ಕೆ ಕರೆದರೆ ಬಂದೇ. ದೀಪ ಹಚ್ಚು ಬಾ ಅಂದರೆ ಬಂದೇ. ತಟ್ಟೆ ಹಾಕಿ ಕೂತು, ಅನ್ನ ಆರಿ ಕಲ್ಲಾಗಿ, ಆಮೇಲೆ ಬರೋಳು. ನಿನಗೆ ಹೇಗೆ ಗೊತ್ತಾಗಬೇಕು? ಈ ಲೋಕದಲ್ಲಿ ಅದು ನನಗೊಬ್ಬಳಿಗೇ ಗೊತ್ತಿದ್ದದ್ದು." ಅವಳು ಮೂಗು ಒರೆಸಿಕೊಂಡಳು. "ಬರ್ತಾ ಇದ್ದಳು."

"ಬರ್ತಾ ಇದ್ದಳು ತಾಯಿ."

"ಬಿಟ್ಟು ಹೋಗಲಿಲ್ಲ."

"ಇಲ್ಲ. ಅಕ್ಕ ಬೈತಾಳೆ ಅಂತ ಹೆದರಿದ ಮುಖ ಅಲ್ಲ ಅದು. ನಗ್ತಾ ಇದ್ದಳು. ಗಂಟು ಸಿಕ್ಕಿತ್ತು ಅನಿಸುತ್ತೆ ನನಗೆ. ಸಿಕ್ಕವರ ದನಿ ಅದು."

ಚೀಟಿಯಮ್ಮ ಎದ್ದು ಹೋಗಬೇಕೆಂದುಕೊಂಡಳು. ಈ ಊರಿನವರ ಕತೆಗಳನ್ನೆಲ್ಲ ಕೊನೆಯ ಅಕ್ಷರದವರೆಗೆ ಓದಿದವಳಿಗೆ ಇದೊಂದು ತನ್ನದಲ್ಲ ಅನ್ನಿಸಿತು. ಇದನ್ನು ಯಾತರದು ಎಂದು ಬರೆಯಲು ಅವಳಿಗೆ ಲೇಖನಿಯೂ ಇರಲಿಲ್ಲ, ಪದವೂ ಇರಲಿಲ್ಲ. ಎದ್ದು ಸೀರೆ ಕೊಡವಿಕೊಳ್ಳುವಾಗ ಬಾಗಿಲಲ್ಲಿ ಕಂಬಳಿಯವಳು ಕಾಣಿಸಿದಳು. ಮುಖ ಊದಿಕೊಂಡಿತ್ತು.

"ನಾಲ್ಕು ದಿನದಿಂದ ಏನೂ ತಿಂದಿಲ್ಲವಂತೆ ಇವನು," ಅಂದಳು. "ಮೂಲೆಯಲ್ಲಿ ನುಚ್ಚು ಇದೆ. ಗಂಜಿ ಕಾಯಿಸಬೇಕು. ಒಳಗೆ ಬಾ."

"ನಾನು ಬರೋ ಹಾಗಿಲ್ಲವಲ್ಲ. ನಾನು ಅವನ ಮಗ್ಗುಲಿನವಳಲ್ಲ."

"ನನಗೆ ಕಟ್ಟಳೆ ಹೇಳಬೇಡ. ಹನ್ನೊಂದು ವರ್ಷ ನಮ್ಮಿಬ್ಬರ ಕತೆಯೂ ಒಟ್ಟಿಗೆ ಇದ್ದದ್ದು ನಿನ್ನ ಹತ್ತಿರ, ಬೇರೆ ಯಾರ ಹತ್ತಿರಾನೂ ಇರಲಿಲ್ಲ." ಕಂಬಳಿಯವಳ ದನಿ ಒರಟಾಗಿತ್ತು. "ನಿನ್ನ ಮೇಲಿನ ಸಿಟ್ಟು ಹೋಗಿದೆ ಅಂದುಕೋಬೇಡ. ಹೋಗುತ್ತೋ ಇಲ್ಲವೋ ಅದೂ ಗೊತ್ತಿಲ್ಲ. ನಾನು ಅವನ ಹತ್ತಿರ ಕೂತಿರಬೇಕು, ಒಲೆ ಊದೋರು ಒಬ್ಬರು ಬೇಕು. ಬಾ."

ಚೀಟಿಯಮ್ಮ ಹೊಸ್ತಿಲು ದಾಟಿದಳು. ಒಲೆ ಹಚ್ಚಿ, ನುಚ್ಚು ತೊಳೆದು, ನೀರಿಟ್ಟಳು. ಹಸಿ ಸೌದೆ, ಹೊಗೆ ತುಂಬಿತು. ಬೆನ್ನ ಹಿಂದೆ ಅವರಿಬ್ಬರೂ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ಆ ದಿನದ ಮಾತಲ್ಲ. ಹುಡುಗಿ ಕುರಿಮರಿಯನ್ನು ಮಡಿಲಲ್ಲಿ ಬಚ್ಚಿಟ್ಟು ಮನೆಗೆ ತಂದದ್ದು, ಎಡಗೈಯಲ್ಲಿ ನೂಲುತ್ತಿದ್ದದ್ದು, ಹಾಗಲಕಾಯಿ ಕಂಡರೆ ಓಡುತ್ತಿದ್ದದ್ದು. ಗಂಟೆಯವನು ನಡುನಡುವೆ "ಹೌದಾ?" ಅನ್ನುತ್ತಿದ್ದ.

ಹೊತ್ತು ಇಳಿಯುವಾಗ ಕಲಾಯಿಯವನು ಜಗುಲಿಗೆ ಬಂದು ಕೆಮ್ಮಿದ. ತಾನು ಬರಬಾರದೆಂದು ಗೊತ್ತು, ಸುಮ್ಮನೆ ಈ ಕಡೆ ಬಂದೆ ಅಂದ. ಗಂಟೆಯವನು ಚಾಪೆಯಿಂದಲೇ, "ಅಣ್ಣಾ, ತವರದ ಬೆಲೆ ಎಷ್ಟಾಯ್ತು?" ಎಂದು ಕೇಳಿದ. ಕಲಾಯಿಯವನು ಒಳಗೆ ಬಂದು ಕೂತ. ಅವನಿಗೂ ಗಂಜಿ ಬಂತು.

ಗಂಟೆಯವನು ಆ ಬೇಸಗೆ ಸಾಯಲಿಲ್ಲ, ಮುಂದಿನ ಬೇಸಗೆಯೂ ಸಾಯಲಿಲ್ಲ. ಪುಸ್ತಕದ ಮನೆಯಲ್ಲಿ ಹೊಸಬಳೊಬ್ಬಳು ಲೇಖನಿ ಹಿಡಿದಳು. ಚೀಟಿಯಮ್ಮ ಊರ ಕೊನೆಯ ಮನೆಯಲ್ಲಿ ಉಣ್ಣೆ ಬಿಡಿಸುವ ಕೆಲಸಕ್ಕೆ ಕೂತಳು. ಕ್ಷಮಿಸಿದೆ ಎಂದು ಕಂಬಳಿಯವಳು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಗಂಟೆಯವನ ಮನೆಗೆ ಹೊರಟಾಗಲೆಲ್ಲ ಅರ್ಧ ಊರು ಸುತ್ತಿಕೊಂಡು ಬಂದು ಅವಳ ಬಾಗಿಲು ತಟ್ಟುತ್ತಿದ್ದಳು. "ಹೊರಡು," ಅನ್ನುತ್ತಿದ್ದಳು, ಬೇರೆ ಮಾತಿಲ್ಲ. ಚೀಟಿಯಮ್ಮ ಅವಳ ಹಿಂದೆ, ನಾಲ್ಕು ಹೆಜ್ಜೆ ಬಿಟ್ಟು, ನಡೆಯಲು ಶುರು ಮಾಡುತ್ತಿದ್ದಳು. ಬೀದಿಗಳು ಉದ್ದ, ಬಿಸಿಲು ಜೋರು. ಕೊತ್ತಳ ಹತ್ತಿರವಾಗುವ ಹೊತ್ತಿಗೆ, ಯಾರು ನಿಧಾನ ಮಾಡಿದರೋ ಯಾರು ಬೇಗ ನಡೆದರೋ, ಇಬ್ಬರೂ ಒಂದೇ ನೆರಳಿನಲ್ಲಿ ಹೋಗುತ್ತಿರುತ್ತಿದ್ದರು.